ಮೂರನೇ ಸೇತುವೆಯ ಕೆಳಗಿನ ನಿದ್ದೆ

ಇದನ್ನು ಪೂರ್ತಿ ಕೇಳಿಸಿಕೊಳ್ಳಿ, ಆಮೇಲೆ ಬೇಕಾದರೆ ಬೈಯಿರಿ. ಅರ್ಧ ಕೇಳಿದವರೆಲ್ಲ ಬೈದೇ ಎದ್ದು ಹೋಗಿದ್ದಾರೆ, ನಮ್ಮಮ್ಮನೂ ಸೇರಿ. ನಾನು ಮಾತಾಡುವುದು ಸ್ವಲ್ಪ ಜಾಸ್ತಿ, ಅದು ನನಗೂ ಗೊತ್ತು. ಆದ ಅನಾಹುತಕ್ಕೆ ಅರ್ಧ ಕಾರಣ ಈ ಬಾಯಿಯೇ. ಆದರೂ ಹೇಳದೆ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ನನ್ನ ಹೆಸರು ಮಂದಾರ, ಇಪ್ಪತ್ತಮೂರು ವರ್ಷ, ನಮ್ಮೂರ ಹೊಳೆಯಲ್ಲಿ ಪ್ರವಾಸಿಗಳನ್ನು ಕಯಾಕಿನಲ್ಲಿ ಸುತ್ತಿಸುವ ಗೈಡ್. ಈ ಕಥೆ ನಡೆದಾಗ ಪೂರ್ತಿ ಗೈಡ್ ಆಗಿರಲಿಲ್ಲ, ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು, ಸುಭದ್ರಕ್ಕನ ಹಿಂದೆ ದೋಣಿ ಬಿಟ್ಟುಕೊಂಡು ಕಲಿಯುತ್ತಿದ್ದೆ.

ನಮ್ಮೂರ ಹೊಳೆಯ ಮೇಲೆ ಆಯಾಸಕ್ಕೆ ತೂಕವಿದೆ. ನೆಲದ ಮೇಲೆ ನೀವು ಐವತ್ತು ಕಿಲೋ ಇದ್ದರೆ ಐವತ್ತೇ. ದೋಣಿಯಲ್ಲಿ ಕೂತಿರೋ, ಆ ವಾರ ನೀವು ಎಷ್ಟು ದಣಿದಿದ್ದೀರಿ ಅನ್ನುವುದೂ ನಿಮ್ಮ ಜೊತೆಗೇ ಬಂದು ಕೂರುತ್ತದೆ. ಅದಕ್ಕೇ ನಮ್ಮಲ್ಲಿ ಉತ್ತರ ಪತ್ರಿಕೆ ತಿದ್ದಿ ಮುಗಿಸಿದ ಮೇಷ್ಟ್ರುಗಳು ಒಂದು ವಾರ ಸೇತುವೆಯ ಮೇಲೆಯೇ ನಡೆದು ಹೋಗುತ್ತಾರೆ. ಬಾಣಂತಿಯರನ್ನು ಆರು ತಿಂಗಳು ಯಾರೂ ದೋಣಿ ಹತ್ತಿಸುವುದಿಲ್ಲ. ಆಚೆ ದಡದ ಸಂತೆಗೆ ಹೋಗುವ ಸೊಪ್ಪಿನವರು ಮೂಟೆಯ ಪಕ್ಕದಲ್ಲೇ ಅರ್ಧ ಗಂಟೆ ಕಣ್ಣು ಮುಚ್ಚಿ, ಎದ್ದು ಮುಖ ತೊಳೆದುಕೊಂಡು, ಆಮೇಲೆ ದೋಣಿಗೆ ಕಾಲಿಡುತ್ತಾರೆ. ಹೆಣ್ಣು ನೋಡುವ ಶಾಸ್ತ್ರ ಕೂಡ ಹೊಳೆಯ ಮೇಲೆಯೇ ಆಗಬೇಕು ಅನ್ನುವವರಿದ್ದಾರೆ. ಹುಡುಗಿಯ ದೋಣಿ ಎಷ್ಟು ಮುಳುಗಿದೆ ಎಂದು ನೋಡಿ, ಮನೆಗೆಲಸ ಮಾಡಿ ಗೊತ್ತಿದೆಯೋ ಇಲ್ಲವೋ ಲೆಕ್ಕ ಹಾಕುವ ಅತ್ತೆಯರು. ಅವರನ್ನು ಬಿಟ್ಟರೆ ಮರ್ಯಾದಸ್ಥರು ಯಾರೂ ಇನ್ನೊಬ್ಬರ ದೋಣಿ ಎಷ್ಟು ಮುಳುಗಿದೆ ಎಂದು ನೋಡುವುದಿಲ್ಲ. ಅದು ಬೇರೆಯವರ ಬಚ್ಚಲಿಗೆ ಇಣುಕಿದ ಹಾಗೆ.

ನಾವು ಗೈಡುಗಳು ಮಾತ್ರ ನೋಡಲೇಬೇಕು, ಅದೂ ಪ್ರವಾಸಿಗಳದ್ದು. ನಮ್ಮ ಪ್ರತಿ ಕಯಾಕಿನ ಪಕ್ಕೆಯ ಮೇಲೆ ಒಂದು ಕೆಂಪು ಗೆರೆ ಇದೆ. ಕೂತಾಗ ಗೆರೆ ನೀರಿನ ಮೇಲಿದ್ದರೆ ಹೊರಡಬಹುದು. ಗೆರೆ ಮುಳುಗಿದರೆ ಇಳಿದು ನಿದ್ದೆ ಚಪ್ಪರಕ್ಕೆ ವಾಪಸ್. ಚಪ್ಪರ ಅಂದರೆ ಹೊಳೆಗಿಳಿಯುವ ಮೆಟ್ಟಿಲಿನ ಪಕ್ಕದಲ್ಲಿ ತಗಡಿನ ಸೂರು, ಇಪ್ಪತ್ತು ಚಾಪೆ, ಇಪ್ಪತ್ತು ಬಡಕಲು ದಿಂಬು. ಟಿಕೆಟ್ ತೆಗೆದುಕೊಂಡವರು ಮೊದಲು ಅಲ್ಲಿ ಒಂದು ಗಂಟೆ ಮಲಗಬೇಕು, ಗೈಡುಗಳೂ ಅಷ್ಟೇ. ಹೊರಗಿನಿಂದ ಬಂದವರು ಮೊದಮೊದಲು ನಗುತ್ತಾರೆ, ಹತ್ತು ನಿಮಿಷಕ್ಕೆ ಗೊರಕೆ ಹೊಡೆಯುತ್ತಾರೆ.

ನನಗೆ ಮಾತ್ರ ಆ ಒಂದು ಗಂಟೆ ದೊಡ್ಡ ಶಿಕ್ಷೆ. ದಣಿವು ಅಂದರೇನು ಎಂದು ಗೊತ್ತಿಲ್ಲದ ಮೈ ನನ್ನದು, ನನ್ನ ದೋಣಿ ಹಾಳೆಯ ಹಾಗೆ ತೇಲುತ್ತಿತ್ತು. ಹೊಳೆಯ ಬಗ್ಗೆ ತಿಳಿಯಬೇಕು ಅನ್ನುವ ಹುಚ್ಚು ಬೇರೆ. ಸುಭದ್ರಕ್ಕನ ಪಕ್ಕದ ಚಾಪೆ ನನ್ನದು. ಪಿಸುದನಿಯಲ್ಲಿ ಶುರು ಮಾಡುತ್ತಿದ್ದೆ. ಅಕ್ಕ, ಎರಡನೇ ಸೇತುವೆ ಹತ್ರ ಸುಳಿ ಬಲಕ್ಕಾ ಎಡಕ್ಕಾ? ಅಕ್ಕ, ಗಾಳಿ ಎದುರು ಬಂದರೆ ಹುಟ್ಟನ್ನ ಎಷ್ಟು ಆಳಕ್ಕೆ ಹಾಕಬೇಕು? ಅಕ್ಕ, ಸಾಬೂನು ಕಾರ್ಖಾನೆ ಮುಚ್ಚೋಕೆ ಮುಂಚೆ ನೀರಲ್ಲಿ ನೊರೆ ಬರ್ತಿತ್ತಂತೆ, ನಿಜಾನಾ? ಅಕ್ಕ ಕಣ್ಣು ಮುಚ್ಚಿಕೊಂಡೇ ಒಂದೊಂದಕ್ಕೂ ಉತ್ತರ ಹೇಳುತ್ತಿದ್ದಳು. ಒಂದು ದಿನವೂ ಗದರಲಿಲ್ಲ. ನಾನು ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಮೂರು ತಿಂಗಳಲ್ಲಿ ಎರಡು ನೋಟ್‌ಬುಕ್ ತುಂಬಿತ್ತು. ಎಷ್ಟು ಹೆಮ್ಮೆ ನನಗೆ ಅವುಗಳ ಮೇಲೆ.

ಸುಭದ್ರಕ್ಕನಿಗೆ ಐವತ್ತೆರಡು ವರ್ಷ, ಹೊಳೆಯ ಮೇಲೆ ಇಪ್ಪತ್ತಾರು ವರ್ಷ. ಕೆಂಪು ಗೆರೆ ಮೊದಲು ಬಳಿದವಳು ಅವಳೇ. ಹಿಂದೊಮ್ಮೆ ಒಬ್ಬ ಕಂಪೌಂಡರು ಎರಡು ಪಾಳಿ ಕೆಲಸ ಮುಗಿಸಿ ನೇರ ದೋಣಿಗೆ ಬಂದು ಕೂತು, ನಡುನೀರಿನಲ್ಲಿ ಕಂತಿದಾಗ, ಅವರನ್ನು ಇವಳೇ ಕೂದಲು ಹಿಡಿದು ಎಳೆದು ತಂದಿದ್ದಳಂತೆ. ಮಾರನೇ ದಿನ ಬಣ್ಣದ ಡಬ್ಬ ತಂದು ಎಲ್ಲ ದೋಣಿಗೂ ಗೆರೆ ಎಳೆದಳು. ಗೆರೆ ಮುಳುಗಿಸಿಕೊಂಡು ಹೊಳೆಗಿಳಿದ ಗೈಡಿಗೆ ಎರಡು ಸಲ ಎಚ್ಚರಿಕೆ, ಮೂರನೇ ಸಲ ಕೆಲಸದಿಂದ ಹೆಸರು ಹೊಡೆಯುವುದು, ಈ ನಿಯಮವನ್ನೂ ಅವಳೇ ಮಾಲೀಕರ ಹತ್ತಿರ ಕೂತು ಬರೆಸಿದ್ದು. ಮಾಲೀಕರು ಶೇಷಗಿರಿ ಸಾರ್. ಹನ್ನೊಂದು ವರ್ಷದಿಂದ ಸ್ವಂತ ದೋಣಿಗಳಲ್ಲಿ ಒಂದನ್ನೂ ಹತ್ತದ ಮನುಷ್ಯ. ಯಾಕೆ ಎಂದು ಯಾರೂ ಕೇಳುವುದಿಲ್ಲ, ನಮ್ಮೂರಲ್ಲಿ ಅದನ್ನು ಕೇಳಬಾರದು.

ಆ ದಿನ ಬೆಳಿಗ್ಗೆ ಬಂದದ್ದು ಒಂದೇ ಸಂಸಾರ, ಪರ ಊರಿನವರು. ಗಿರಿಧರ್ ಅಂತ ದಪ್ಪಗಿನ ಗಂಡಸು, ಎದೆ ಮೇಲೆ ಕ್ಯಾಮೆರಾ; ಅವರ ಹೆಂಡತಿ ಮಾಲಿನಿ, ಸಪೂರ, ಗಾಳಿಗೆ ಹಾರಿ ಹೋಗುವ ಹಾಗೆ; ಮಗಳು ತನ್ವಿ, ಒಂಬತ್ತು ವರ್ಷ. ಚಪ್ಪರದಲ್ಲಿ ಗಂಡ, ಮಗಳು ಮಲಗಿದರು. ಮಾಲಿನಿ ಮೇಡಂ ಮಲಗಿದ ಹಾಗೆ ಮಾಡಿ ಬ್ಯಾಗಿನಲ್ಲಿ ಬಟ್ಟೆ ಮಡಚುತ್ತಿದ್ದರು. ನಾನು ಎಂದಿನಂತೆ ಸುಭದ್ರಕ್ಕನ ಹತ್ತಿರ ಮೂರನೇ ಸೇತುವೆಯ ಕಂಬಗಳ ಬಗ್ಗೆ ಕೇಳುತ್ತಿದ್ದೆ. ಅವತ್ತು ಅವಳ ಉತ್ತರಗಳು ತಡವಾಗಿ ಬರುತ್ತಿದ್ದವು. ಒಂದು ಸಲ ನಾನು ಕೇಳಿದ್ದು ಕಂಬದ ಬಗ್ಗೆ, ಅವಳು ಹೇಳಿದ್ದು ಹಾಲು ಉಕ್ಕುವ ಬಗ್ಗೆ. ನಾನು ನಕ್ಕು, ಅದನ್ನೂ ಬರೆದುಕೊಂಡೆ.

ಹೊರಟಾಗ ಹನ್ನೊಂದೂವರೆ. ಎರಡು ಸೀಟಿನ ಮೂರು ಕಯಾಕ್. ಮುಂದೆ ಸುಭದ್ರಕ್ಕ, ಅವಳ ದೋಣಿಯ ಮುಂದಿನ ಸೀಟಿನಲ್ಲಿ ತನ್ವಿ. ನಡುವೆ ಗಂಡ ಹೆಂಡತಿ. ಕೊನೆಗೆ ನಾನು, ಮುಂದಿನ ಸೀಟಿನಲ್ಲಿ ಮಂಡಕ್ಕಿ ಡಬ್ಬ, ಔಷಧಿ ಪೆಟ್ಟಿಗೆ. ಮಾಲಿನಿ ಮೇಡಂ ಕೂತ ಹಿಂದಿನ ತುದಿ ತಗ್ಗಿತು, ಗಂಡ ಕೂತ ಮುಂದಿನ ತುದಿ ಮೇಲೆದ್ದಿತು. ಗೆರೆ ಹೇಗೋ ನೀರಿಗಿಂತ ಒಂದು ಕೂದಲು ಮೇಲಿತ್ತು. ಗಿರಿಧರ್ ಹಿಂದೆ ತಿರುಗಿ ನೋಡಿ ಜೋರಾಗಿ ನಕ್ಕರು.

"ಏನೇ ಮಾಲಿನಿ, ನಿನ್ನ ಕಡೆನೇ ಮುಳುಗ್ತಿದೆಯಲ್ಲ. ರಾತ್ರಿ ಕದ್ದು ಕದ್ದು ತಿಂತೀಯಾ?"

ಮೆಟ್ಟಿಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ಮುಖ ಆಚೆ ತಿರುಗಿಸಿಕೊಂಡರು. ಮಾಲಿನಿ ಮೇಡಂ ನನ್ನನ್ನು ನೋಡಿದರು. "ಯಾಕೆ ಹೀಗೆ?" ಅಂದರು ಮೆಲ್ಲಗೆ.

ನಾನು ಬಾಯಿ ತೆರೆಯುವ ಮೊದಲೇ ಸುಭದ್ರಕ್ಕ ಹೇಳಿದಳು: "ಹೊಳೆಗೆ ನಿಮ್ಮ ಮನೆ ಗೊತ್ತಾಗಿದೆ ಮೇಡಂ, ಅಷ್ಟೆ. ಹುಟ್ಟು ಹಾಕಿ."

ಮೊದಲನೇ ಸೇತುವೆ ದಾಟಿದೆವು. ಸುಭದ್ರಕ್ಕ ಹೇಳಬೇಕಾದ್ದನ್ನೆಲ್ಲ ಹೇಳುತ್ತಿದ್ದಳು: ಇದು ಬಣ್ಣ ಹಾಕುವವರ ಕೇರಿ, ನೀರಿನ ಅಂಚು ಇನ್ನೂ ನೀಲಿ ಇದೆ ನೋಡಿ, ಇದು ಕೋರ್ಟಿನ ಹಿಂಬಾಗಿಲು, ಕೇಸ್ ಸೋತವರು ಈ ಕಡೆ ಬಂದು ಕೂರುತ್ತಾರೆ. ದನಿ ಒಂದೇ ಮಟ್ಟದಲ್ಲಿತ್ತು, ಏರಿಳಿತವೇ ಇಲ್ಲ. ಎರಡನೇ ಸೇತುವೆ ಬಂತು. ಅಲ್ಲಿ ಸುಳಿ ಬಲಕ್ಕಿದೆ ಎಂದು ನನಗೆ ಅವಳೇ ಹೇಳಿಕೊಟ್ಟಿದ್ದು. ಅವಳು ನೇರ ಬಲಕ್ಕೇ ಹೊರಟಳು. ನಾನು ಹಿಂದಿನಿಂದ "ಅಕ್ಕ, ಎಡಕ್ಕೆ" ಅಂದೆ. ಅವಳು ತಲೆ ಕೊಡವಿ ಎಡಕ್ಕೆ ತಿರುಗಿಸಿದಳು. ಆಗ ಅವಳ ದೋಣಿಯ ಪಕ್ಕೆ ನನ್ನ ಕಡೆಗೆ ತಿರುಗಿತು. ನಾನು ನೋಡಬಾರದ್ದನ್ನು ನೋಡಿದೆ.

ಕೆಂಪು ಗೆರೆ ನೀರಿನ ಮೇಲೇ ಇತ್ತು. ಆದರೆ ಅದು ಹೊಸ ಬಣ್ಣ, ಹೊಳೆಯುತ್ತಿತ್ತು. ಅದಕ್ಕಿಂತ ನಾಲ್ಕು ಬೆರಳು ಕೆಳಗೆ, ನೀರಿನ ಒಳಗೆ, ಮಂಕಾಗಿ ಇನ್ನೊಂದು ಗೆರೆ. ಉಜ್ಜಿ ತೆಗೆದಿದ್ದರೂ ಪೂರ್ತಿ ಹೋಗಿರಲಿಲ್ಲ.

ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಸಿಟ್ಟು. ಗೆರೆಯನ್ನು ದೇವರ ಹಾಗೆ ನೋಡಬೇಕು ಎಂದು ನನಗೆ ಕಲಿಸಿದವಳು ಅವಳು. ಆ ದೋಣಿಯಲ್ಲಿ ಪರರ ಮಗು ಕೂತಿದೆ. ಸಿಟ್ಟು ಮಾತಾಗಿ ಹೊರಬರುವ ಮೊದಲೇ ತನ್ವಿಯ ಮಾತು ಕೇಳಿಸಿತು.

"ಆಂಟಿ, ನನ್ನ ಸಾಕ್ಸ್ ಒದ್ದೆ ಆಯ್ತು."

ಅಂಚಿನ ಮೇಲಿಂದ ನೀರು ಒಂದೊಂದೇ ನಾಲಿಗೆ ಚಾಚಿ ಒಳಗೆ ಬರುತ್ತಿತ್ತು. ಸುಭದ್ರಕ್ಕ "ಹೌದಾ ಪುಟ್ಟಿ" ಅಂದಳು, ಆದರೆ ಹುಟ್ಟು ಹಾಕುವ ಕೈ ನಿಲ್ಲಲಿಲ್ಲ, ಕೇಳಿಸಿಕೊಂಡದ್ದು ಕೈಗೆ ತಲುಪಿಯೇ ಇಲ್ಲ ಅನ್ನುವ ಹಾಗೆ. ನಾನು ಜೋರಾಗಿ ಹುಟ್ಟು ಹಾಕಿ ಪಕ್ಕಕ್ಕೆ ಬಂದೆ. ಮೂರನೇ ಸೇತುವೆ ಎದುರಿಗೇ ಇತ್ತು. ಅದರ ನಡುಗಂಬದ ಬುಡದಲ್ಲಿ ಒಂದು ಅಗಲದ ಕಲ್ಲುಕಟ್ಟೆ ಇದೆ, ದೋಣಿ ಕಟ್ಟಲು ಕಬ್ಬಿಣದ ಬಳೆ ಇದೆ.

"ಅಕ್ಕ, ಕಟ್ಟೆಗೆ ಹಚ್ಚಿ."

"ಯಾಕೆ?"

"ಹಚ್ಚಿ ಅಕ್ಕ. ಮಂಡಕ್ಕಿ ಇಲ್ಲೇ ಕೊಡೋಣ ಇವತ್ತು."

ಹಚ್ಚಿದಳು. ತನ್ವಿಯನ್ನು ಎತ್ತಿ ಕಟ್ಟೆಯ ಮೇಲೆ ನಿಲ್ಲಿಸಿದೆ. ಗಂಡ ಹೆಂಡತಿ ಆಚೆ ತುದಿಯಲ್ಲಿ ದೋಣಿ ಹಿಡಿದುಕೊಂಡು ಫೋಟೋ ತೆಗೆಯುತ್ತ ಮಂಡಕ್ಕಿ ತಿನ್ನತೊಡಗಿದರು. ಸುಭದ್ರಕ್ಕ ಕಲ್ಲಿನ ಮೇಲೆ ಕೂತು ಕಂಬಕ್ಕೆ ಬೆನ್ನು ಕೊಟ್ಟಳು. ನಾನು ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತೆ.

"ಗೆರೆ ಮೇಲೆ ಹೋಗಿದೆಯಲ್ಲ ಅಕ್ಕ."

"ನೋಡಬಾರದು ಅಂತ ಹೇಳಿಕೊಟ್ಟಿದ್ದೆ."

"ನೋಡಿಬಿಟ್ಟೆ. ಯಾವಾಗ ಬಳಿದಿರಿ?"

"ಹದಿನೈದು ದಿನ ಆಯ್ತು. ಎರಡು ಸಲ ಈಗಾಗ್ಲೇ ಬರ್ಕೊಂಡಿದಾರೆ. ಇನ್ನೊಂದಾದ್ರೆ ಹೋಯ್ತು."

"ಒಂದೆರಡು ದಿನ ರಜ ಹಾಕಿ ಮನೇಲಿ ಮಲಗಬೇಕಿತ್ತು. ಮಗು ಕೂತಿತ್ತಲ್ಲ ಅಕ್ಕ ಅದರಲ್ಲಿ."

ಅವಳು ನಕ್ಕಳು. ನಗುವುದಕ್ಕೂ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. "ಮನೇಲಾ? ಮನೇಲಿ ನಮ್ಮತ್ತೆ ಇದಾರೆ ಕಣೇ. ಎಂಬತ್ತೇಳು ವರ್ಷ. ಕತ್ತಲಾದ್ರೆ ಎದ್ದು ಬಾಗಿಲು ತೆಗೀತಾರೆ, ತವರಿಗೆ ಹೋಗ್ತೀನಿ ಅಂತ. ಯಾವ ತವರು, ಅದು ಬಿದ್ದು ಯಾವ ಕಾಲ ಆಯ್ತು. ಕೈ ಹಿಡ್ಕೊಂಡು ಕೂತ್ರೆ ಸುಮ್ಮನಿರ್ತಾರೆ. ನನ್ನ ಕಣ್ಣು ಹತ್ತಿ ಕೈ ಸಡಿಲ ಆಯ್ತೋ, ಎದ್ರು. ನಮ್ಮ ಯಜಮಾನ್ರು ಹೋಗಿ ಆರು ವರ್ಷ ಆಯ್ತು, ಅವತ್ತಿಂದ ಹೀಗೇ."

"ಹಗಲು?"

"ಹಗಲು ಪಕ್ಕದ ಮನೆ ಲಲಿತಮ್ಮ ನೋಡ್ಕೋತಾರೆ, ಪಾಪ. ನಾನು ಕೆಲಸಕ್ಕೆ ಹೋಗ್ತೀನಿ ಅಂತ ನೋಡ್ಕೋತಾರೆ. ಮಲಗ್ತೀನಿ ನೋಡ್ಕೊಳಿ ಅಂತ ಕೇಳೋಕಾಗುತ್ತಾ? ನಗಲ್ವಾ ಯಾರಾದ್ರೂ?" ಅವಳು ಕಣ್ಣು ಮುಚ್ಚಿದಳು. "ನಂಗೆ ನಿದ್ದೆ ಅಂದ್ರೆ ಚಪ್ಪರದ್ದೇ. ಆ ಒಂದು ಗಂಟೇಲೇ ಇಷ್ಟು ವರ್ಷ ತಳ್ಳಿದೀನಿ."

ನಾನು ಲೆಕ್ಕ ಹಾಕಿದೆ. ತೊಂಬತ್ತು ದಿನ, ತೊಂಬತ್ತು ಗಂಟೆ. ಎರಡು ನೋಟ್‌ಬುಕ್.

"ಅಕ್ಕ, ಆ ಒಂದು ಗಂಟೆ ಪೂರ್ತಿ ನಾನು ಕೇಳ್ತಾ ಇದ್ದೆನಲ್ಲ."

"ಕೇಳ್ತಿದ್ದೆ."

"ಬಾಯಿ ಮುಚ್ಚೇ ಅಂತ ಒಂದು ಸಲ ಅಂದಿದ್ರೆ ಆಗ್ತಿತ್ತು."

"ಅನ್ನಬೇಕು ಅಂತ ದಿನಾ ಬರ್ತಿದ್ದೆ." ದನಿ ಇಳಿಯುತ್ತ ಹೋಯಿತು. "ಇಪ್ಪತ್ತಾರು ವರ್ಷದಲ್ಲಿ ನನ್ನ ಯಾರೂ ಏನೂ ಕೇಳಿರಲಿಲ್ಲ ಮಂದಾರ. ಅದು ಎಲ್ಲಿದೆ, ಇದು ಎಲ್ಲಿಟ್ಟೆ, ಇಷ್ಟೇ. ನೀನು ಕೇಳಿದಾಗ ನಂಗೆ... ಮೂರನೇ ಕಂಬದ ಹತ್ರ ನೀರು..."

ನೀರು ಏನು ಎಂದು ಅವಳು ಹೇಳಲಿಲ್ಲ. ತಲೆ ಪಕ್ಕಕ್ಕೆ ವಾಲಿ ಕಲ್ಲಿಗೆ ಒರಗಿತು. ನಿದ್ದೆಗೆ ಬಿದ್ದದ್ದಲ್ಲ ಅದು, ಯಾರೋ ಹಿಂದಿನಿಂದ ಎಳೆದುಕೊಂಡ ಹಾಗಿತ್ತು.

ಗಿರಿಧರ್ ಮಂಡಕ್ಕಿ ಪೊಟ್ಟಣ ಹಿಡಿದುಕೊಂಡು ಬಂದರು. "ಏನ್ರೀ ಇದು, ಗೈಡೇ ಮಲಗಿಬಿಟ್ರಲ್ಲ. ನಾವು ದುಡ್ಡು ಕೊಟ್ಟು ಬಂದಿರೋದು ಇವರು ಮಲಗೋದು ನೋಡೋಕಾ? ಎಬ್ಬಿಸ್ರೀ."

"ಬೇಡ," ಅಂದರು ಮಾಲಿನಿ ಮೇಡಂ.

"ಏನು ಬೇಡ?"

"ಎಬ್ಬಿಸೋದು ಬೇಡ ಅಂದೆ. ಈ ಹುಡುಗಿ ಕರ್ಕೊಂಡು ಹೋಗ್ತಾಳೆ ನಮ್ಮನ್ನ." ಅವರು ಸುಭದ್ರಕ್ಕನ ಮುಖವನ್ನೇ ನೋಡುತ್ತಿದ್ದರು. ತಮ್ಮ ಹೆಗಲ ಮೇಲಿದ್ದ ದುಪಟ್ಟಾ ತೆಗೆದು ಮಡಚಿ, ಕಲ್ಲಿಗೂ ಅವಳ ತಲೆಗೂ ನಡುವೆ ಮೆಲ್ಲಗೆ ಸೇರಿಸಿದರು. ಗಂಡನ ಕಡೆ ತಿರುಗಿ, "ಮತ್ತೆ ನೀವು ಹಿಂದೆ ಕೂತ್ಕೊಳಿ ಈಗ. ನಾನು ಮುಂದೆ ಕೂತು ಊರು ನೋಡ್ತೀನಿ," ಅಂದರು.

ಕಲಿಯುವ ಗೈಡ್ ಒಬ್ಬಳೇ ಪ್ರವಾಸಿಗಳನ್ನು ನಡೆಸುವ ಹಾಗಿಲ್ಲ. ಅದೂ ನಿಯಮವೇ. ಆದರೂ ಮಗುವನ್ನು ನನ್ನ ದೋಣಿಗೆ ಹಾಕಿಕೊಂಡು, ಸುಭದ್ರಕ್ಕನ ದೋಣಿಯನ್ನು ಬಳೆಗೆ ಕಟ್ಟಿ, ಅವಳ ಲೈಫ್ ಜಾಕೆಟ್ಟಿನ ಪಟ್ಟಿಯನ್ನೂ ಅದೇ ಬಳೆಗೆ ಸಿಕ್ಕಿಸಿ ಹೊರಟೆ. ಸಾಬೂನು ಕಾರ್ಖಾನೆಯ ಮೆಟ್ಟಿಲಿನವರೆಗೆ ಮುಕ್ಕಾಲು ಗಂಟೆಯ ದಾರಿ. ಅವಳು ಹೇಳಿಕೊಟ್ಟ ಪ್ರತಿ ಮಾತೂ ನನಗೆ ಬಾಯಿಗೆ ಬರುತ್ತಿತ್ತು. ಅದೇ ಮಾತುಗಳನ್ನೇ ಹೇಳಿದೆ. ಪ್ರತಿ ಮಾತಿಗೂ ಅವಳ ಎಷ್ಟು ನಿಮಿಷದ ನಿದ್ದೆ ಹೋಗಿದೆ ಎಂದು ಮನಸ್ಸು ಒಳಗೇ ಎಣಿಸುತ್ತಿತ್ತು. ತನ್ವಿ "ಆಂಟಿ ನೀವು ಅಳ್ತಿದೀರಾ" ಅಂತ ಕೇಳಿದಳು. ಬಿಸಿಲು ಅಂದೆ.

ಅವರನ್ನು ಇಳಿಸಿ ಆಫೀಸಿಗೆ ಹೋಗುವ ವ್ಯಾನು ಹತ್ತಿಸಿ, ಒಬ್ಬಳೇ ಎದುರು ನೀರಿನಲ್ಲಿ ವಾಪಸು ಹುಟ್ಟು ಹಾಕಿಕೊಂಡು ಬಂದೆ. ಕಟ್ಟೆ ತಲುಪಿದಾಗ ಎರಡೂವರೆ ಗಂಟೆ. ಅವಳು ಬಿಟ್ಟ ಹಾಗೆಯೇ ಇದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ದುಪಟ್ಟಾದ ಮೇಲೆ ಜೊಲ್ಲು. ಸೇತುವೆಯ ಮೇಲೆ ಲಾರಿ ಹೋದರೆ ಕಲ್ಲೆಲ್ಲ ನಡುಗುತ್ತಿತ್ತು, ಅವಳಿಗೆ ಏನೂ ಇಲ್ಲ. ನಾನು ಪಕ್ಕದಲ್ಲಿ ಕೂತೆ. ಐದು ನಿಮಿಷಕ್ಕೆ ಫೋನು ಬಂತು.

"ಎಲ್ಲಿದೀಯಾ?" ಶೇಷಗಿರಿ ಸಾರ್.

"ಮೂರನೇ ಸೇತುವೆ ಕೆಳಗೆ ಸಾರ್."

"ಅವಳು?"

"ಮಲಗಿದಾರೆ ಸಾರ್."

"ಎಬ್ಬಿಸು."

"ಸಾರ್, ಸ್ವಲ್ಪ ಮೆಲ್ಲಗೆ."

"ನಾನು ಫೋನಲ್ಲಿರೋದು ಮಾರಾಯ್ತಿ, ಅವಳ ಕಿವೀಲಲ್ಲ. ನೋಡು, ಆ ಗಿರಿಧರ್ ಆಫೀಸಲ್ಲಿ ಕೂತಿದಾನೆ, ದೂರು ಬರೆದು ಕೊಡ್ತೀನಿ ಅಂತ. ಹೆಂಡತಿ ಬೇಡ ಅಂತಾಳೆ, ಇವನು ಕೇಳ್ತಿಲ್ಲ. ನಾಲ್ಕು ಗಂಟೆಗೆ ಹೆಣ್ಣು ನೋಡೋ ಪಾರ್ಟಿ ಇದೆ, ಎಂಟು ಜನ. ಅಷ್ಟೊತ್ತಿಗೆ ಸುಭದ್ರ ಬಂದು ದೋಣಿ ಹತ್ರ ನಿಂತಿದ್ರೆ, ಹುಷಾರಿರಲಿಲ್ಲ, ಈಗ ಸರಿ ಹೋಗಿದಾಳೆ ಅಂತ ನಾನು ಮುಗಿಸ್ತೀನಿ. ಬರಲಿಲ್ಲ ಅಂದ್ರೆ ದಣಿದು ಹೊಳೆಗಿಳಿದಳು ಅಂತ ಮೂರನೇ ಸಲ ಬರೀಲೇಬೇಕು. ಆ ನಿಯಮ ನನ್ನದಲ್ಲ, ಅವಳದ್ದೇ."

"ಸಾರ್, ಅವರಿಗೆ ಮನೇಲಿ ನಿದ್ದೆ ಇಲ್ಲ."

"ಗೊತ್ತು."

"ಗೊತ್ತಾ?"

"ಊರಲ್ಲಿ ಯಾರಿಗೆ ನಿದ್ದೆ ಇದೆ ಮಂದಾರ? ನಿನ್ನ ಬಿಟ್ಟು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಕೆಲಸ ಇದ್ರೆ ಅವಳಿಗೆ ದಿನಕ್ಕೊಂದು ಗಂಟೆ ಚಪ್ಪರ ಇದೆ. ಇವತ್ತೊಂದಿನ ಮಲಗಿಸಿ ಮಿಕ್ಕಿದ್ದನ್ನೆಲ್ಲ ಕಿತ್ಕೋಬೇಡ. ಎಬ್ಬಿಸು."

ಫೋನು ಇಟ್ಟರು. ಅವರು ಹೇಳಿದ್ದು ಸರಿ. ನನಗೂ ಅದು ಸರಿ ಎಂದೇ ಗೊತ್ತಿತ್ತು. ಮೂರೂಕಾಲಿಗೆ ಎಬ್ಬಿಸಿದರೆ ಸಾಕು, ಆರಾಮಾಗಿ ನಾಲ್ಕಕ್ಕೆ ಮೆಟ್ಟಿಲು ತಲುಪಬಹುದು, ಅಲ್ಲಿಯವರೆಗೆ ಮಲಗಲಿ ಎಂದುಕೊಂಡೆ. ಮೂರೂಕಾಲಾಯಿತು. ಅಕ್ಕ, ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಹೆಗಲು ಮುಟ್ಟಿ ಅಲ್ಲಾಡಿಸಿದೆ. ಅವಳ ಕಣ್ಣು ತೆರೆಯಲಿಲ್ಲ, ಕೈ ಮಾತ್ರ ಎದ್ದು ಬಂದು ನನ್ನ ಕೈಯನ್ನು ಹುಡುಕಿ ಗಟ್ಟಿಯಾಗಿ ಹಿಡಿದುಕೊಂಡಿತು.

"ಇಲ್ಲೇ ಇದೀನಿ ಅತ್ತೆ," ಅಂದಳು ನಿದ್ದೆಯಲ್ಲೇ. "ಎಲ್ಲೂ ಹೋಗಿಲ್ಲ. ಮಲಗಿ."

ನಿದ್ದೆಯೊಳಗೂ ಅವಳು ಎದ್ದೇ ಇದ್ದಳು. ನಾನು ಕೈ ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಬೆರಳುಗಳು ಒಂದೊಂದಾಗಿ ಸಡಿಲವಾದವು, ಕೊನೆಗೆ ಕೈ ಹೂವು ಬಿಟ್ಟ ಹಾಗೆ ಅಂಗೈ ಮೇಲಾಗಿ ಕಲ್ಲಿನ ಮೇಲೆ ಬಿತ್ತು. ಯಾರ ಕೈಯನ್ನೂ ಹಿಡಿಯದೆ ಆ ಕೈ ಹೀಗೆ ಮಲಗಿ ಎಷ್ಟು ವರ್ಷವಾಗಿತ್ತೋ. ಮತ್ತೆ ಫೋನು ನಡುಗಿತು, ಆಫ್ ಮಾಡಿದೆ. ಅವಳ ಚೀಲದಲ್ಲಿದ್ದ ಅವಳ ಫೋನನ್ನೂ ಆಫ್ ಮಾಡಿದೆ. ಆಮೇಲೆ ನೀರು ನೋಡುತ್ತ ಕೂತೆ.

ನಾಲ್ಕೂಮುಕ್ಕಾಲಿಗೆ ಮೇಲಿನಿಂದ ದೋಣಿಗಳು ಬಂದವು. ಮೊದಲು ಕೇಳಿಸಿದ್ದು ಒಬ್ಬ ಹೆಂಗಸಿನ ದನಿ.

"ಹುಡುಗಿ ದೋಣಿ ಏನು ಇಷ್ಟು ಮೇಲಿದೆ? ಮನೇಲಿ ಒಂದು ಲೋಟನಾದ್ರೂ ತೊಳ್ದಿದಾಳಾ?"

"ಮಗನ ದೋಣಿ ನೋಡಿ ಮೊದ್ಲು," ಅಂತ ಇನ್ನೊಂದು ದನಿ. "ಇನ್ನೊಂಚೂರು ಮೇಲೆದ್ರೆ ಹಾರಿ ಹೋಗ್ತಾನೆ."

ನಕ್ಕರು. ಸೇತುವೆಯ ನೆರಳಿಗೆ ಬಂದಾಗ ಮುಂದಿನ ದೋಣಿಯಲ್ಲಿ ಹುಟ್ಟು ಹಿಡಿದು ಕೂತಿದ್ದವರು ಶೇಷಗಿರಿ ಸಾರ್. ಗೈಡು ಬೇರೆ ಸಿಗದೆ ಅವರೇ ಹೊರಟಿದ್ದರು. ಹನ್ನೊಂದು ವರ್ಷದ ಮೇಲೆ ಹೊಳೆಗಿಳಿದ ಮನುಷ್ಯನ ದೋಣಿ ಎಷ್ಟು ಮುಳುಗಿತ್ತು ಎಂದು ನಾನು ನೋಡಲಿಲ್ಲ, ಮುಖ ಮಾತ್ರ ನೋಡಿದೆ. ಅವರು ಹುಟ್ಟು ನಿಲ್ಲಿಸಿ ಸುಭದ್ರಕ್ಕನನ್ನು ನೋಡಿದರು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ನಾನು ಅದಕ್ಕೇ ಕಾದೆ, ಹಾಕಲಿ ಎಂದು ಬೇಡಿಕೊಂಡೆ ಕೂಡ, ಆಗ ಎಬ್ಬಿಸಿದ ಪಾಪವೋ ಪುಣ್ಯವೋ ನನ್ನದಾಗುವುದಿಲ್ಲವಲ್ಲ. ಅವರು ಹಿಂದೆ ತಿರುಗಿ ಪಾರ್ಟಿಯವರಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಎಂಟು ಜನವೂ ಬಾಯಿ ಮುಚ್ಚಿಕೊಂಡರು, ಆ ಅತ್ತೆಯೂ. ಐದು ದೋಣಿ ನಮ್ಮ ಮುಂದೆ ಸದ್ದಿಲ್ಲದೆ ಸರಿದು ಹೋದವು. ಮಾರನೇ ದಿನ ಬೆಳಿಗ್ಗೆ ಅದೇ ಶೇಷಗಿರಿ ಸಾರ್ ಆಫೀಸಿನ ಹಲಗೆಯ ಮೇಲಿದ್ದ ಸುಭದ್ರಕ್ಕನ ಹೆಸರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು.

ಅವಳು ಎದ್ದದ್ದು ಐದೂವರೆಗೆ. ಸುತ್ತ ನೋಡಿದಳು, ನನ್ನನ್ನು ನೋಡಿದಳು, ನೀರಿನ ಮೇಲೆ ಬಿದ್ದಿದ್ದ ಬಿಸಿಲಿನ ಬಣ್ಣ ನೋಡಿದಳು. ಗಂಟೆ ಕೇಳಲಿಲ್ಲ. ಜಡೆ ಬಿಚ್ಚಿ ಮತ್ತೆ ಹೆಣೆದುಕೊಂಡಳು. ನಾನು ಎಲ್ಲವನ್ನೂ ಹೇಳಿದೆ, ಫೋನು, ಪಾರ್ಟಿ, ಸಾರ್ ಹೇಳಿದ್ದು, ನಾನು ಮಾಡಿದ್ದು. ಅವಳು ಹೊಳೆಯ ನೀರಿನಲ್ಲಿ ಮುಖ ತೊಳೆದು ಸೆರಗಿನಲ್ಲಿ ಒರೆಸಿಕೊಂಡಳು.

"ಎಬ್ಬಿಸಬೇಕಿತ್ತು ಕಣೇ," ಅಂದಳು. ಅಷ್ಟೇ. ದಾರಿಯುದ್ದಕ್ಕೂ ಅವಳ ದೋಣಿ ನನ್ನ ದೋಣಿಗಿಂತ ಹಗುರಾಗಿ ಮುಂದೆ ಮುಂದೆ ಹೋಗುತ್ತಿತ್ತು.

ಇದಾಗಿ ಎರಡು ತಿಂಗಳಾಯಿತು. ಈಗ ಮುಂದಿನ ದೋಣಿ ನನ್ನದು. ಚಪ್ಪರದಲ್ಲಿ ನನಗೆ ಇವತ್ತಿಗೂ ನಿದ್ದೆ ಬರುವುದಿಲ್ಲ, ಪಕ್ಕದ ಚಾಪೆ ಖಾಲಿ ಇದೆ, ಆದರೆ ಈಗ ನಿದ್ದೆ ಬೇಕು ಅನ್ನಿಸುತ್ತದೆ. ಕಳೆದ ಭಾನುವಾರ ಧೈರ್ಯ ಮಾಡಿ ಅವಳ ಮನೆಗೆ ಹೋದೆ. ಕೆಲಸವಿಲ್ಲದ ಮೇಲೆ ಲಲಿತಮ್ಮ ಬರುವುದು ನಿಲ್ಲಿಸಿದ್ದರು, ನಿಲ್ಲಿಸಿ ಎಂದು ಸುಭದ್ರಕ್ಕನೇ ಹೇಳಿದ್ದಳಂತೆ. ಅತ್ತೆಯ ಸೀರೆಯ ಸೆರಗನ್ನು ತನ್ನ ಸೊಂಟಕ್ಕೆ ಗಂಟು ಹಾಕಿಕೊಂಡು ಬಾಗಿಲಿಗೆ ಬಂದಳು. ಹಿಂದೆ ಆ ಮುದುಕಿಯೂ ಬಂತು, ಕರು ಬಂದ ಹಾಗೆ.

"ನಾನು ಕೂತಿರ್ತೀನಿ ಅಕ್ಕ, ದಿನಾ ಸಂಜೆ ಎರಡು ಗಂಟೆ ಹೊತ್ತು. ನೀವು ಮಲಗಿ."

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿತು. "ಇವಳ್ಯಾರು ಕಳ್ಳಿ, ಒಳಗೆ ಬಿಡಬೇಡ," ಅಂದು ಸುಭದ್ರಕ್ಕನ ರಟ್ಟೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡಿತು. ಸುಭದ್ರಕ್ಕ ನನ್ನ ಕಡೆ ನೋಡಿ, ಗೊತ್ತಾಯ್ತಲ್ಲ ಅನ್ನುವ ಹಾಗೆ ತಲೆ ಆಡಿಸಿದಳು. ನಾನು ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಳ್ಳುತ್ತಿರುವಾಗ ಹಿಂದಿನಿಂದ ಕರೆದಳು.

"ಮಂದಾರ. ಅವತ್ತು ಎಷ್ಟು ಹೊತ್ತು ಮಲಗಿದ್ದೆ ನಾನು?"

"ಐದು ಗಂಟೆ ಅಕ್ಕ."

"ಐದು," ಅಂದಳು. ತುಂಬ ಹಿಂದೆ ತಿಂದ ಯಾವುದೋ ಸಿಹಿಯ ಹೆಸರು ಹೇಳಿದ ಹಾಗೆ ಇನ್ನೊಂದು ಸಲ "ಐದು" ಅಂದಳು. ಕಣ್ಣ ಕೆಳಗೆ ಎರಡು ಬೆರಳಗಲ ಕಪ್ಪಿತ್ತು. ಬಾಗಿಲು ಮುಚ್ಚಿಕೊಂಡಳು. ಬೈದಳೋ, ಹರಸಿದಳೋ, ಮನೆಗೆ ಬರುವವರೆಗೂ ಯೋಚಿಸಿದೆ, ಈಗಲೂ ಗೊತ್ತಾಗಿಲ್ಲ. ಈಗ ನೀವು ಹೇಳಿ. ಮೂರೂಕಾಲು ಗಂಟೆ, ಅವಳ ಕೈ ನಿಮ್ಮ ಕೈ ಬಿಟ್ಟು ಆಗಷ್ಟೇ ಕಲ್ಲಿನ ಮೇಲೆ ಬಿದ್ದಿದೆ, ಫೋನು ನಡುಗುತ್ತಿದೆ. ನೀವಾಗಿದ್ದರೆ ಎಬ್ಬಿಸುತ್ತಿದ್ದಿರಾ?